ಅಕ್ಕ-ತಂಗಿಯರ ಸಹಿ ಇಲ್ಲದ ಸೈಟು

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದಲ್ಲಿ ಪಿಯು ಉಪನ್ಯಾಸಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿ ಕೈಯಲ್ಲಿ 32 ಲಕ್ಷ ಇದೆ. ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 30x40 ಸೈಟು ನೋಡಿದ್ದೇವೆ. 28 ಲಕ್ಷ ಹೇಳುತ್ತಿದ್ದಾರೆ. ಅದೇ ರಸ್ತೆಯಲ್ಲಿ ಅಪ್ರೂವ್ಡ್ ಲೇಔಟಿನ ಸೈಟಿಗೆ 48 ಇದೆ. ಒಟ್ಟು 2 ಎಕರೆ 10 ಗುಂಟೆ, 62 ಸೈಟು. ಪಂಚಾಯ್ತಿಯ 11-ಬಿ ಇದೆ, ಇ.ಸಿ. (ಋಣಭಾರ ಪತ್ರ) ಕ್ಲೀನ್ ಇದೆ. ಜಮೀನು ಆ ಊರಿನ ಹಿರಿಯರೊಬ್ಬರದು, 1998ರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಅವರ ಭಾಗಕ್ಕೆ ಬಂದದ್ದು. ಅವರೂ ಅವರ ಇಬ್ಬರು ಗಂಡುಮಕ್ಕಳೂ ಲೇಔಟ್ ಮಾಡಿದವರಿಗೆ ಜಿಪಿಎ (ತಮ್ಮ ಪರವಾಗಿ ಮಾರುವ ಅಧಿಕಾರ ಪತ್ರ) ಬರೆದುಕೊಟ್ಟಿದ್ದಾರೆ. ಇಬ್ಬರು ಹೆಣ್ಣುಮಕ್ಕಳೂ ಇದ್ದಾರಂತೆ. "ಅವರಿಗೆ ಮದುವೆಯಲ್ಲೇ ಬಂಗಾರ ಹಾಕಿ ಕಳಿಸಿದ್ದಾರೆ, ಅವರದ್ದೇನೂ ಇಲ್ಲ" ಎನ್ನುತ್ತಾರೆ ಬ್ರೋಕರ್. ಪತ್ರದಲ್ಲಿ 12 ಲಕ್ಷ ತೋರಿಸಿ ಉಳಿದ 16 ಕ್ಯಾಶ್ ಕೊಡಬೇಕಂತೆ. ಬಿ ಖಾತೆಗಳೆಲ್ಲ ಎ ಖಾತೆ ಆಗುತ್ತಿವೆ, ಇದೂ ಆಗುತ್ತದೆ, ಆಮೇಲೆ ರೇಟು ಡಬಲ್ ಅನ್ನುತ್ತಾರೆ. ನಮ್ಮ ಭಾವ ಅಲ್ಲೇ ಐದು ವರ್ಷದ ಹಿಂದೆ ಸೈಟು ತೆಗೆದುಕೊಂಡು ಮನೆ ಕಟ್ಟಿದ್ದಾರೆ, ಏನೂ ತೊಂದರೆಯಾಗಿಲ್ಲ. ಆಷಾಢದಲ್ಲಿ ಅಡ್ವಾನ್ಸ್ ಕೊಟ್ಟರೆ ಶ್ರಾವಣಕ್ಕೆ ರಿಜಿಸ್ಟ್ರೇಷನ್. 50 ಸಾವಿರ ಈಗಾಗಲೇ ಬ್ರೋಕರ್ ನಂಬರಿಗೆ ಫೋನಲ್ಲೇ ಕಳಿಸಿದ್ದೇನೆ, ಅವರು ವಿಸಿಟಿಂಗ್ ಕಾರ್ಡಿನ ಹಿಂದೆ "ಮುಟ್ಟಿದೆ" ಎಂದು ಬರೆದುಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೇ? ಇದು ಎ ಖಾತೆ ಆಗುತ್ತದೆಯೇ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಖಾತೆಯ ಪ್ರಶ್ನೆ ಕೊನೆಗೆ ಬಂದಿದೆ, ಹೆಣ್ಣುಮಕ್ಕಳ ವಿಷಯ ನಡುವೆ ಒಂದು ಸಾಲಲ್ಲಿ ಹಾದುಹೋಗಿದೆ. ನನಗೆ ಎದೆ ಝಲ್ಲೆಂದದ್ದು ಆ ಒಂದು ಸಾಲು ಓದಿ. ಖಾತೆಯನ್ನು ಇಂದಲ್ಲ ನಾಳೆ ಸರ್ಕಾರ ಸರಿಮಾಡೀತು. ಸಹಿ ಹಾಕದ ಮಗಳ ಪಾಲನ್ನು ಯಾವ ಸರ್ಕಾರದ ಯೋಜನೆಯೂ ಸರಿಮಾಡುವುದಿಲ್ಲ.

ಖಾತೆ ವಿಷಯ ಬೇಗ ಮುಗಿಸುತ್ತೇನೆ. ಖಾತೆ ಎಂದರೆ ಕಂದಾಯ ಕಟ್ಟುವ ಲೆಕ್ಕದ ಪುಟ. ಈ ಆಸ್ತಿಗೆ ತೆರಿಗೆ ಯಾರ ಹೆಸರಲ್ಲಿ ಕಟ್ಟಿಸಿಕೊಳ್ಳಬೇಕು ಎಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡದ್ದು. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ. ನಿಮ್ಮ ಬ್ರೋಕರ್ ಇಲ್ಲಿ ಎರಡು ಬೇರೆ ವಿಷಯಗಳನ್ನು ಒಂದೇ ಪಾತ್ರೆಗೆ ಹಾಕಿ ಕದಡಿದ್ದಾರೆ. ಎ ಖಾತೆ, ಬಿ ಖಾತೆ ಎಂಬ ಮಾತೆಲ್ಲ ಪಾಲಿಕೆ, ನಗರಸಭೆಯಂಥ ನಗರ ಸಂಸ್ಥೆಗಳ ವ್ಯಾಪ್ತಿಯದು, 2025ರಲ್ಲಿ ಸರ್ಕಾರ ಬಿ ಖಾತೆಯವರಿಗೆ ಎ ಖಾತೆಯ ದಾರಿ ತೆರೆದದ್ದು ಬೆಂಗಳೂರಿನ ವ್ಯಾಪ್ತಿಯೊಳಗೆ. ನಿಮ್ಮ ಸೈಟಿರುವುದು ಗ್ರಾಮ ಪಂಚಾಯ್ತಿಯಲ್ಲಿ. ಅಲ್ಲಿ ನಡೆಯುವುದು ಇ-ಸ್ವತ್ತು, ಅಂದರೆ ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆ. ಭೂಪರಿವರ್ತನೆಯಾಗಿ, ನಕ್ಷೆ ಮಂಜೂರಾದ ಸೈಟಿಗೆ ನಮೂನೆ 9 ಮತ್ತು 11-ಎ ಬರುತ್ತದೆ. ಅದಾಗದೆ ಸುಮ್ಮನೆ ಲೆಕ್ಕಕ್ಕೆ ಸೇರಿಸಿಕೊಂಡದ್ದಕ್ಕೆ 11-ಬಿ. ಅಂದರೆ 11-ಬಿ ಎಂಬ ಹಾಳೆಯೇ "ಇದು ಮಂಜೂರಾದ ಲೇಔಟ್ ಅಲ್ಲ" ಎಂದು ಪಂಚಾಯ್ತಿ ಬರೆದುಕೊಟ್ಟ ಚೀಟಿ. ಅದನ್ನೇ ಬ್ರೋಕರ್ ಸರ್ಟಿಫಿಕೇಟಿನ ಹಾಗೆ ತೋರಿಸುತ್ತಿದ್ದಾರೆ.

"ಸಕ್ರಮ ಆಗೇ ಆಗುತ್ತದೆ" ಎಂಬ ಮಾತನ್ನು ನಾನು ವಕೀಲಿಕೆ ಶುರುಮಾಡಿದಂದಿನಿಂದ ಕೇಳುತ್ತಿದ್ದೇನೆ. ಅಕ್ರಮ-ಸಕ್ರಮಕ್ಕೆ ಕಾನೂನು ತಿದ್ದುಪಡಿ ಬಂದದ್ದು 2007ರಲ್ಲಿ, ಪರಿಷ್ಕೃತ ನಿಯಮ ಬಂದದ್ದು 2014ರಲ್ಲಿ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಸರಿ ಎಂದಿತು. ಮುಂದಿನ ತಿಂಗಳು, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2007ರಲ್ಲಿ ಈ ಮಾತು ನಂಬಿ ಸೈಟು ಕೊಂಡವರಲ್ಲಿ ಕೆಲವರ ಮೊಮ್ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ.

ಈಗ ಬೆಲೆ. 48 ಲಕ್ಷದ್ದು 28ಕ್ಕೆ ಯಾಕೆ ಸಿಗುತ್ತಿದೆ ಎಂದು ನೀವು ಕೇಳಿಲ್ಲ. ಕೇಳಬೇಕಿತ್ತು. 2 ಎಕರೆ 10 ಗುಂಟೆ ಅಂದರೆ 90 ಗುಂಟೆ, ಗುಂಟೆಗೆ 1,089 ಚದರಡಿಯಂತೆ 98,010 ಚದರಡಿ. ಯೋಜನಾ ಪ್ರಾಧಿಕಾರದ ಮುಂದೆ ಹೋಗಿ ನಕ್ಷೆ ಮಂಜೂರು ಮಾಡಿಸಿದರೆ ರಸ್ತೆ, ಉದ್ಯಾನ, ಸಾರ್ವಜನಿಕ ಬಳಕೆಗೆ ಬಿಟ್ಟು ಸೈಟು ಹಾಕಲು ಉಳಿಯುವುದು ಹೆಚ್ಚುಕಮ್ಮಿ ಶೇ. 55. ಅಂದರೆ 30x40 ಅಳತೆಯ 45 ಸೈಟು. ನಿಮ್ಮವರು ಹಾಕಿರುವುದು 62. ಈ 17 ಸೈಟುಗಳು ಎಲ್ಲಿಂದ ಬಂದವು? ಪಾರ್ಕಿನಿಂದ, ರಸ್ತೆಯ ಅಗಲದಿಂದ, ಮಳೆನೀರು ಹರಿಯಬೇಕಿದ್ದ ಜಾಗದಿಂದ. ಮುಂದಿನ ಸಲ ಹೋದಾಗ ರಸ್ತೆಗೆ ಅಡ್ಡಲಾಗಿ ಟೇಪು ಹಿಡಿದು ನೋಡಿ. ಬ್ರೋಶರಿನಲ್ಲಿ 30 ಅಡಿ ಎಂದಿದ್ದರೆ ಕಲ್ಲಿನಿಂದ ಕಲ್ಲಿಗೆ 20 ಸಿಕ್ಕರೆ ನಿಮ್ಮ ಪುಣ್ಯ. ಇದರ ಮೇಲೆ ಭೂಪರಿವರ್ತನೆಯ ಶುಲ್ಕ ಇಲ್ಲ, ಚರಂಡಿ ಇಲ್ಲ, ನೀರಿನ ಟ್ಯಾಂಕ್ ಇಲ್ಲ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇಲ್ಲ. (500 ಚದರ ಮೀಟರ್ ಮೀರಿದ ಲೇಔಟ್ ರೇರಾದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ಮಂಜೂರಾತಿಯೇ ಇಲ್ಲದವರು ಅಲ್ಲಿಗೆ ಹೋಗುವುದಾದರೂ ಹೇಗೆ?) ಜೊತೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಕೊಡಬೇಕಾದ ದುಡ್ಡನ್ನೂ ಕೊಟ್ಟಿಲ್ಲ. ನಿಮಗೆ ಸಿಗುತ್ತಿರುವ 20 ಲಕ್ಷದ "ಲಾಭ" ಇಷ್ಟು ಜನರ ಪಾಲಿನಿಂದ ಕಳೆದದ್ದು. ಅವರಲ್ಲಿ ಕೋರ್ಟಿಗೆ ಹೋಗಿ ವಾಪಸ್ ಕೇಳುವ ತಾಕತ್ತಿರುವುದು ಆ ಹೆಣ್ಣುಮಕ್ಕಳಿಗೆ.

ಅದಕ್ಕೇ ಬರುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಹುಟ್ಟಿನಿಂದ ಹಕ್ಕುದಾರಳು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಹೇಳುತ್ತಿದೆ. ಮದುವೆಯಾಗಿದ್ದರೂ ಸರಿ, ಆಗದಿದ್ದರೂ ಸರಿ. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ ಕೆಲವು ವರ್ಷ ಇತ್ತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೂ ಬಗೆಹರಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗ, ಮಾರಾಟಗಳನ್ನು ಮಾತ್ರ ಕಾನೂನು ಮುಟ್ಟುವುದಿಲ್ಲ.

"ಇಲ್ಲಿ ಪಾಲಾದದ್ದು 1998ರಲ್ಲಿ, ಆದ್ದರಿಂದ ಹೆಣ್ಣುಮಕ್ಕಳಿಗೆ ಇಲ್ಲ" ಎಂದು ಬ್ರೋಕರ್ ಕಡೆಯ ವಕೀಲರು ಹೇಳುವ ಸಂಭವವಿದೆ. ಕೇಳಲು ಸರಿಯಾಗಿದೆ, ಆದರೆ ಅದು ಅರ್ಧ ಸತ್ಯ. 1998ರಲ್ಲಿ ಪಾಲಾದದ್ದು ಆ ಹಿರಿಯರು ಮತ್ತು ಅವರ ಅಣ್ಣತಮ್ಮಂದಿರ ನಡುವೆ. ಅದು ಅಷ್ಟಕ್ಕೆ ಮುಗಿಯಿತು, ಅದನ್ನು ಯಾರೂ ಕೆದಕುವಂತಿಲ್ಲ. ಆದರೆ ಹಿರಿಯರ ಭಾಗಕ್ಕೆ ಬಂದ ಈ 90 ಗುಂಟೆ ಅವರ ಸ್ವಂತ ಸಂಪಾದನೆ ಆಗಲಿಲ್ಲ. ಅದು ಅವರ ಮನೆಯೊಳಗೆ ಅವರದು, ಗಂಡುಮಕ್ಕಳದು, ಹೆಣ್ಣುಮಕ್ಕಳದು. ತಂದೆ ಮತ್ತು ನಾಲ್ವರು ಮಕ್ಕಳೆಂದರೆ ಐದು ಸಮಪಾಲು, ಹಿರಿಯರ ಪತ್ನಿ ಬದುಕಿದ್ದರೆ ಪಾಲಾಗುವಾಗ ಅವರಿಗೂ ಒಂದು. ಜಿಪಿಎಗೆ ಸಹಿ ಬಿದ್ದಿರುವುದು ಮೂವರದು. ಇನ್ನು ಗಂಡುಮಕ್ಕಳಿಗೆ ಚಿಕ್ಕ ಮಕ್ಕಳಿದ್ದರೆ ಅವರ ಲೆಕ್ಕ ಬೇರೆ ಇದೆ. ಅದನ್ನು ಬಿಚ್ಚಿದರೆ ಈ ಉತ್ತರ ಮುಗಿಯುವುದಿಲ್ಲ.

ಮದುವೆಯಲ್ಲಿ ಹಾಕಿದ ಬಂಗಾರದಿಂದ ಪಾಲು ತೀರುವುದಿಲ್ಲ. ಛಾಪಾ ಕಾಗದದ ಮೇಲೆ "ನಮ್ಮ ಅಭ್ಯಂತರವಿಲ್ಲ" ಎಂದು ಬರೆದು ನೋಟರಿ ಮೊಹರು ಒತ್ತಿದರೂ ತೀರುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡಬೇಕಾದರೆ ಸಬ್‌ರಿಜಿಸ್ಟ್ರಾರ್ ಮುಂದೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಆಗಬೇಕು, ಇಲ್ಲವೇ ನಿಮ್ಮ ಕ್ರಯಪತ್ರದಲ್ಲೇ ಅವರೂ ಮಾರುವವರಾಗಿ ಬಂದು ಹೆಬ್ಬೆರಳು ಒತ್ತಬೇಕು. ಮೂರನೇ ದಾರಿ ಇಲ್ಲ.

ನಿಮ್ಮ ಭಾವನಿಗೆ ಐದು ವರ್ಷದಿಂದ ಏನೂ ಆಗಿಲ್ಲ ಎಂದಿದ್ದೀರಿ. ಒಳ್ಳೆಯದು, ಆಗದೇ ಇರಲಿ. ಆದರೆ ಪಾಲು ಕೇಳಿ ದಾವೆ ಹಾಕಲು, ತನ್ನನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಕಾಲಾವಕಾಶವಿದೆ. ನನ್ನ ಅನುಭವದಲ್ಲಿ ಅಕ್ಕ-ತಂಗಿಯರು ಅಪ್ಪ ಇರುವತನಕ ತುಟಿ ಬಿಚ್ಚುವುದಿಲ್ಲ, ತವರಿನ ಬಾಗಿಲು ಮುಚ್ಚಿಹೋದೀತು ಎಂಬ ಅಂಜಿಕೆ. ಅಪ್ಪ ತೀರಿಕೊಂಡು ತಿಥಿ ಮುಗಿದ ಮೇಲೆ ಅಳಿಯಂದಿರು ವಕೀಲರ ಕಚೇರಿ ಹುಡುಕುತ್ತಾರೆ. ದಾವೆಯಲ್ಲಿ ಅಣ್ಣತಮ್ಮಂದಿರಿಬ್ಬರು ಮತ್ತು ಲೇಔಟ್ ಮಾಡಿದವರು ಒಂದರಿಂದ ಮೂರನೇ ಪ್ರತಿವಾದಿಗಳು, ಸೈಟು ಕೊಂಡವರು ನಾಲ್ಕರಿಂದ ಅರವತ್ತೈದು. ನಿಮಗೆ ಬರುವ ಸಮನ್ಸಿನಲ್ಲಿ ನಿಮ್ಮ ನಂಬರ್ ನಲವತ್ತೊಂದೋ ನಲವತ್ತೆರಡೋ ಇರುತ್ತದೆ. ಕೊಂಡವರ ಸೈಟು ಗಂಡುಮಕ್ಕಳ ಪಾಲಿಗೆ ಬರುವಂತೆ ಹಂಚಿಕೊಡಿ ಎಂದು ಕೋರ್ಟನ್ನು ಬೇಡಿಕೊಳ್ಳಬಹುದು, ಕೋರ್ಟುಗಳು ಒಪ್ಪುವುದೂ ಉಂಟು. ಆದರೆ ಅಲ್ಲಿಯವರೆಗೆ ಮಾರುವಂತಿಲ್ಲ, ಸಾಲ ಸಿಗುವುದಿಲ್ಲ, ತಡೆಯಾಜ್ಞೆ ಇದ್ದರೆ ಕಟ್ಟುವಂತೆಯೂ ಇಲ್ಲ. ನಿವೃತ್ತರಾದವರು ಅಷ್ಟು ವರ್ಷ ಕಾಯಲು ಹಾಕಬಾರದ ಹಣ ಇದು.

ಇ.ಸಿ. ಕ್ಲೀನ್ ಇದ್ದರೆ ಇದೆಲ್ಲ ಇಲ್ಲವಲ್ಲ ಎಂದು ಕೇಳಬಹುದು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ. ನೋಂದಣಿಯಾಗದ ಕರಾರು ಅದರಲ್ಲಿಲ್ಲ, ಬಾಯಿಮಾತಿನ ಪಾಲು ಇಲ್ಲ, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆಯೂ ಸಾಮಾನ್ಯವಾಗಿ ಇಲ್ಲ, ಹುಟ್ಟಿನಿಂದ ಬಂದ ಹಕ್ಕಂತೂ ಇಲ್ಲವೇ ಇಲ್ಲ. ಸಬ್‌ರಿಜಿಸ್ಟ್ರಾರ್ ನೋಂದಣಿ ಮಾಡಿದ್ದಾರೆ ಎಂದರೂ ಅಷ್ಟೆ. ಮಾರುವವನಿಗೆ ನಿಜಕ್ಕೂ ಹಕ್ಕಿದೆಯೇ ಎಂದು ತೀರ್ಮಾನಿಸುವ ಕೆಲಸ ಅವರದಲ್ಲ.

ಜಿಪಿಎ ಬಗ್ಗೆ ಜನರಲ್ಲಿ ಎರಡು ಅತಿರೇಕಗಳಿವೆ. ಜಿಪಿಎ ಇದ್ದರೆ ಸಾಕು ಎನ್ನುವವರು ಒಂದು ಕಡೆ, ಜಿಪಿಎ ಎಂದರೆ ಮೋಸ ಎನ್ನುವವರು ಇನ್ನೊಂದು ಕಡೆ. ಜಿಪಿಎ, ಕರಾರು, ವಿಲ್ಲು ಮೂರನ್ನೂ ಸೇರಿಸಿ ಕ್ರಯಪತ್ರಕ್ಕೆ ಬದಲಾಗಿ ಕೊಟ್ಟರೆ ಮಾಲೀಕತ್ವ ದಾಟುವುದಿಲ್ಲ ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಿಪಿಎ ಹೊಂದಿದವರು ಮಾಲೀಕರ ಪರವಾಗಿ ನೋಂದಾಯಿತ ಕ್ರಯಪತ್ರ ಮಾಡಿಕೊಟ್ಟರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಕೊಟ್ಟವರು ಬದುಕಿರಬೇಕು, ಜಿಪಿಎ ರದ್ದಾಗಿರಬಾರದು.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಿವೃತ್ತ ಬಸ್ ಚಾಲಕರೊಬ್ಬರು ಬಟ್ಟೆ ಅಂಗಡಿಯ ಕವರಿನಲ್ಲಿ ಕಾಗದಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಕ್ರಯಪತ್ರಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. (ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮೊಹರು, ಸಹಿ ಪರೀಕ್ಷಿಸುವ ಸಂದರ್ಭ ಬಂದರೆ ಕಷ್ಟ.) ಪತ್ರಗಳೆಲ್ಲ ಅಚ್ಚುಕಟ್ಟಾಗಿದ್ದವು. ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಪೂರ್ವಕ್ಕೆ ಹಳ್ಳ ಎಂದು ಹಳೆಯ ಪತ್ರದಲ್ಲಿತ್ತು, ಹೊಸದರಲ್ಲಿ ರಸ್ತೆ ಎಂದಿತ್ತು. ಅದೊಂದನ್ನು ನೋಡಿಕೊಂಡು ಬರೋಣ ಎಂದು ಆ ಊರಿಗೆ ಹೋದೆ. ಬಸ್‌ಸ್ಟಾಪಿನ ಪಕ್ಕದ ಟೀ ಅಂಗಡಿಯಲ್ಲಿ ಜಮೀನಿನ ಯಜಮಾನರ ಹೆಸರು ಹೇಳಿ ಮನೆ ಎಲ್ಲಿ ಎಂದು ಕೇಳಿದರೆ, ಅಂಗಡಿಯಾಕೆ ಲೋಟ ತೊಳೆಯುತ್ತಲೇ, "ಅಯ್ಯೋ ಅವರು ಹೋಗಿ ಮೊನ್ನೆ ಯುಗಾದಿಗೆ ಎರಡು ವರ್ಷ ಆಯ್ತಲ್ಲ ಸ್ವಾಮಿ" ಅಂದರು. ನನ್ನ ಕೈಯಲ್ಲಿದ್ದ ಕ್ರಯಪತ್ರ ನೋಂದಣಿಯಾದದ್ದು ಆ ಯುಗಾದಿಯ ನಂತರದ ಶ್ರಾವಣದಲ್ಲಿ. ಸತ್ತವರ ಪರವಾಗಿ ಜಿಪಿಎಯವರು ಸಹಿ ಹಾಕಿದ್ದರು. ಹಣ ಪಡೆದು ಕೊಟ್ಟ ಜಿಪಿಎ ಸಾವಿನಿಂದ ಮುಗಿಯುವುದಿಲ್ಲ ಎಂದು ವಾದಿಸುವವರಿದ್ದಾರೆ, ಕೆಲವು ಸಂದರ್ಭಗಳಲ್ಲಿ ಆ ವಾದ ನಿಲ್ಲುತ್ತದೆ ಕೂಡ. ಆದರೆ ಆ ಚಾಲಕರು ವಾದ ಕೊಳ್ಳಲು ಹೋಗಿರಲಿಲ್ಲ. ಕೊನೆಗೆ ವಾರಸುದಾರರನ್ನೆಲ್ಲ ಹಿಡಿದು, ಮತ್ತೆ ನಾಲ್ಕು ಲಕ್ಷ ಕೊಟ್ಟು, ಹೊಸ ಪತ್ರ ಮಾಡಿಸಿಕೊಳ್ಳುವಷ್ಟರಲ್ಲಿ ಮೂರು ವರ್ಷ ಹಿಡಿಯಿತು.

ಇನ್ನು ಆ 16 ಲಕ್ಷ ಕ್ಯಾಶ್. ಮೇಡಂ, ಲೋಕದಲ್ಲಿ ಜನ ಕಪ್ಪು ಹಣವನ್ನು ಬಿಳಿ ಮಾಡಲು ಒದ್ದಾಡುತ್ತಾರೆ. ನೀವು ಮೂವತ್ತು ವರ್ಷ ಪಾಠ ಹೇಳಿ, ತೆರಿಗೆ ಕಟ್ಟಿ ಸಂಪಾದಿಸಿದ ಬಿಳಿ ಹಣವನ್ನು ಬ್ಯಾಂಕಿನಿಂದ ತೆಗೆದು ಕಪ್ಪು ಮಾಡಹೊರಟಿದ್ದೀರಿ! ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಮೇಲ್ಪಟ್ಟ ನಗದು ಪಡೆಯುವುದೇ ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮ್ಮ ನಷ್ಟ ಬೇರೆ ಥರದ್ದು. ಪತ್ರ ನಾಳೆ ರದ್ದಾದರೆ ನೀವು ವಾಪಸ್ ಕೇಳಬಹುದಾದದ್ದು ಪತ್ರದಲ್ಲಿರುವ 12 ಲಕ್ಷ. 16ಕ್ಕೆ ಸಾಕ್ಷಿ ಆ ಬ್ರೋಕರ್ ಒಬ್ಬರೇ, ಅವರು ಸಾಕ್ಷಿ ಹೇಳಲು ಬರುತ್ತಾರೆಯೇ?

ಉಳಿಯುವುದಾದರೂ ಎಷ್ಟು? ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು-ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ಸುಮಾರು ಶೇ. 7.6. 28 ಲಕ್ಷಕ್ಕೆ 2.13 ಲಕ್ಷ ಆಗುತ್ತದೆ, 12ಕ್ಕೆ 91 ಸಾವಿರ. ಉಳಿತಾಯ 1.22 ಲಕ್ಷ. ಮುಂದೆ ನೀವು ಮಾರುವಾಗ ಕೊಳ್ಳುವವರು ಬ್ಯಾಂಕ್ ಸಾಲದವರಾಗಿದ್ದು ಪೂರ್ತಿ ಹಣ ಚೆಕ್ಕಿನಲ್ಲಿ ಕೊಟ್ಟರೆ, ನೀವು ಕೊಂಡ ಬೆಲೆ 12 ಎಂದೇ ಲೆಕ್ಕ. ಕ್ಯಾಶ್ ಕೊಟ್ಟ 16 ಲಕ್ಷವೂ ನಿಮ್ಮ ಲಾಭವಾಗಿ ಕಾಣುತ್ತದೆ. ಈಗಿನ ಶೇ. 12.5ರ ದರದಲ್ಲಿ ಅದಕ್ಕೆ 2 ಲಕ್ಷ ತೆರಿಗೆ. ಉಳಿಸಿದ್ದಕ್ಕಿಂತ ಕಟ್ಟುವುದೇ ಹೆಚ್ಚು.

ಹಾಗಾದರೆ ಏನು ಮಾಡಬಹುದು? ಈ ಸೈಟಿನ ಮೇಲೇ ನಿಮಗೆ ಮನಸ್ಸಿದ್ದರೆ ಬ್ರೋಕರಿಗೆ ಇಷ್ಟು ಹೇಳಿ: ಇಬ್ಬರು ಹೆಣ್ಣುಮಕ್ಕಳ ನೋಂದಾಯಿತ ಹಕ್ಕುಬಿಡುಗಡೆ ಬೇಕು, ಹಿರಿಯರೇ ಬಂದು ಸಹಿ ಹಾಕಬೇಕು, ಪೂರ್ತಿ ಹಣ ಬ್ಯಾಂಕಿನ ಮೂಲಕ. ಇದರ ಜೊತೆಗೆ ಸರ್ವೆ ನಂಬರಿನ ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಟಿಪ್ಪಣಿ, ಆಕಾರಬಂದ್ (ಇವೆರಡೂ ಸರ್ವೆ ಇಲಾಖೆಯ ಅಳತೆಯ ದಾಖಲೆಗಳು) ತೆಗೆಸಿ. ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆಪ್ ತೆರೆದು ಸೈಟಿನ ಮೇಲೆ ನಿಂತು ನೋಡಿ, ಹಳ್ಳವೋ ಸರ್ಕಾರಿ ಖರಾಬು ಜಮೀನೋ (ಸಾಗುವಳಿಗೆ ಸೇರದ ಸರ್ಕಾರಿ ಜಾಗ) ಕಾಲ ಕೆಳಗಿದೆಯೇ ಎಂದು ಅಲ್ಲೇ ಅಂದಾಜಾಗುತ್ತದೆ. ಹಿಂದೆಂದಾದರೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನೇ ಎಂಬುದಕ್ಕೆ ಕಂದಾಯ ಇಲಾಖೆಯಿಂದ ಹಿಂಬರಹ ಪಡೆಯಿರಿ. 1978ರ ಪಿಟಿಸಿಎಲ್ ಕಾಯ್ದೆಯಡಿ ಅಂಥ ಜಮೀನು ಅನುಮತಿಯಿಲ್ಲದೆ ಪರಭಾರೆಯಾಗಿದ್ದರೆ ಮೂಲದವರಿಗೆ ವಾಪಸ್ ಹೋಗುತ್ತದೆ, 2023ರ ತಿದ್ದುಪಡಿಯ ನಂತರ ಅದಕ್ಕೆ ಕಾಲಮಿತಿಯೂ ಇಲ್ಲ. ಇಷ್ಟೆಲ್ಲ ಸರಿಯಾದರೂ ನಿಮ್ಮ ಕೈಗೆ ಬರುವುದು ನಕ್ಷೆ ಮಂಜೂರಾಗದ ಸೈಟೇ. ಮನೆ ಕಟ್ಟಲು ಕಾನೂನುಬದ್ಧ ಪರವಾನಗಿ, ದೊಡ್ಡ ಬ್ಯಾಂಕಿನ ಸಾಲ ಎರಡೂ ಕಷ್ಟವೇ. ಹಾಗಾಗಿ 28 ಅದರ ಬೆಲೆಯಲ್ಲ.

ಸಾಲ ಬೇಡವಾದರೂ ಒಂದು ರಾಷ್ಟ್ರೀಕೃತ ಬ್ಯಾಂಕಿಗೆ ಈ ಕಾಗದಗಳನ್ನು ಕೊಟ್ಟು ಸೈಟು ಸಾಲಕ್ಕೆ ಅರ್ಜಿ ಹಾಕಿ. ಅವರ ಪ್ಯಾನಲ್ ವಕೀಲರು ಬೇಡ ಎಂದರೆ, ಅವರು ತಮ್ಮ ದುಡ್ಡನ್ನು ಹಾಕದ ಕಡೆ ನೀವು ನಿಮ್ಮದನ್ನು ಹಾಕುವುದೇಕೆ?

ನನ್ನನ್ನು ಕೇಳಿದರೆ ಇದನ್ನು ಬಿಟ್ಟುಬಿಡಿ ಎನ್ನುತ್ತೇನೆ. ನಿವೃತ್ತಿಯ ಹಣವನ್ನೆಲ್ಲ ಒಂದೇ ಖಾಲಿ ಸೈಟಿಗೆ ಸುರಿಯುವುದು ಪತ್ರ ಚೊಕ್ಕವಾಗಿದ್ದಾಗಲೂ ನನಗೆ ಒಗ್ಗದ ವಿಚಾರ. ಸೈಟು ಬಾಡಿಗೆ ಕೊಡುವುದಿಲ್ಲ, ಆಸ್ಪತ್ರೆ ಖರ್ಚು ಬಂದಾಗ ಅರ್ಧ ಸೈಟು ಮಾರಲಾಗುವುದಿಲ್ಲ. ನೆಲ ಬೇಕೇ ಬೇಕು ಎಂದರೆ ನೀವಿರುವ ಹಾಸನದ ಸುತ್ತಲೇ ಪ್ರಾಧಿಕಾರದಿಂದ ಮಂಜೂರಾದ ಲೇಔಟಿನಲ್ಲಿ 20x30 ನೋಡಿ. ಕಣ್ಣಳತೆಯಲ್ಲಿರುತ್ತದೆ, ಬೇಲಿ ಯಾರಾದರೂ ಸರಿಸಿದರೆ ಅದೇ ವಾರ ಗೊತ್ತಾಗುತ್ತದೆ. ಉಳಿದದ್ದು ಹಿರಿಯ ನಾಗರಿಕರ ಠೇವಣಿಯಲ್ಲಿರಲಿ. ಸಣ್ಣ ಹಳೆಯ ಫ್ಲಾಟು ಕೊಂಡು ಬಾಡಿಗೆಗೆ ಕೊಡುವುದು ಇನ್ನೊಂದು ದಾರಿ. ಅದರ ಕಟ್ಟಡ ಹಳೆಯದಾಗುತ್ತ ಹೋಗುತ್ತದೆ, ಬೆಲೆ ಸೈಟಿನಷ್ಟು ಏರುವುದಿಲ್ಲ, ಆದರೆ ತಿಂಗಳಿಗೆ ಕೈಗೆ ಕಾಸು ಬರುತ್ತದೆ.

ಕೊಟ್ಟಾಗಿರುವ 50 ಸಾವಿರದ ಮಾತು. ಆ ಹಣ ಹೋಗಿರುವುದು ಬ್ರೋಕರಿಗೆ, ಜಮೀನಿನವರಿಗಲ್ಲ, ಕರಾರೂ ಆಗಿಲ್ಲ. ಇವತ್ತೇ ಅವರಿಗೆ ವಾಟ್ಸಾಪ್‌ನಲ್ಲಿ ಬರಹದಲ್ಲಿ ಕಳಿಸಿ: ಇಂಥ ತಾರೀಖು ಇಂಥ ಸೈಟಿನ ಮುಂಗಡವಾಗಿ 50,000 ಕಳಿಸಿದ್ದೇನೆ, ಹೆಣ್ಣುಮಕ್ಕಳ ಹಕ್ಕುಬಿಡುಗಡೆ ಪತ್ರದ ಪ್ರತಿ ಹದಿನೈದು ದಿನದಲ್ಲಿ ಕೊಡಿ, ಇಲ್ಲವಾದರೆ ಹಣ ಹಿಂತಿರುಗಿಸಿ ಎಂದು. ಅವರು "ಆಯ್ತು ಮೇಡಂ" ಎಂದು ಉತ್ತರಿಸಿದರೂ ಅದು ಮುಟ್ಟಿದ್ದಕ್ಕೆ ಒಂದು ಒಪ್ಪಿಗೆ. ವಿಸಿಟಿಂಗ್ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಆಷಾಢ ಮುಗಿದರೆ ರೇಟು ಏರುತ್ತದೆ ಎಂದು ಮತ್ತೆ ಫೋನ್ ಬಂದರೆ, ಮಾತು ಬೆಳೆಸದೆ ಆ ಹೆಣ್ಣುಮಕ್ಕಳಿಬ್ಬರ ಊರು ಯಾವುದು ಎಂದಷ್ಟೇ ಕೇಳಿ.